ದವಡೆ ಮೂಳೆ ಬೆಳೆಸುವುದಾ, ಕಾಲಿನಿಂದ ತರುವುದಾ? ಅನುಭವ ಇದ್ದವರು ಹೇಳಿ

ಕುಂಬಳೆಯಿಂದ: ತಮ್ಮನ ಕೆಳದವಡೆಯ ಗಡ್ಡೆ ತೆಗೆದ ಮೇಲೆ 4 ಸೆಂಟಿಮೀಟರ್ ಮೂಳೆಯೇ ಇಲ್ಲ. ಒಬ್ಬ ಡಾಕ್ಟರು ಕಾಲಿನ ಮೂಳೆ ಕೂರಿಸುವ ಎನ್ನುತ್ತಾರೆ. ಇನ್ನೊಬ್ಬರು ಸ್ಕ್ರೂ ತಿರುಗಿಸಿ ಇರುವ ಮೂಳೆಯನ್ನೇ ಬೆಳೆಸುವ ಎನ್ನುತ್ತಾರೆ. ಅವನಿಗೆ ಶುಗರ್ ಬೇರೆ ಉಂಟು. ಎಂತ ಮಾಡುವುದು?

ಬದಿಯಡ್ಕದ ಅಮ್ಮ: ನಾವು ಬೆಳೆಸಿಯೇ ಗೆದ್ದವರು. ಮಗ ಸಣ್ಣದಿರುವಾಗ ಗೇರು ಮರದಿಂದ ಬಿದ್ದು ದವಡೆಯ ಕೀಲು ಅಂಟಿಕೊಂಡಿತ್ತು. ಗದ್ದ ಬೆಳೆಯಲೇ ಇಲ್ಲ. ಮೂಳೆ ಕೊಯ್ದು ಡಿಸ್ಟ್ರಾಕ್ಟರ್ (ಕೊಯ್ದ ತುದಿಗಳನ್ನು ಮೆಲ್ಲ ದೂರ ಸರಿಸುವ ಸ್ಕ್ರೂ ಕಂಬಿ) ಹಾಕಿ 5 ದಿನ ಸುಮ್ನೆ ಬಿಟ್ಟರು. ಆಮೇಲೆ ಬೆಳಿಗ್ಗೆ ಅರ್ಧ ಮಿಲಿಮೀಟರ್, ಸಂಜೆ ಅರ್ಧ, 18 ದಿನ. ತಿರುಗಿಸಿದ್ದು ನಾನೇ. 7ನೇ ದಿನ ಕರೆಂಟಿಲ್ಲದೆ ಟಾರ್ಚ್ ಬೆಳಕಲ್ಲಿ ಉಲ್ಟಾ ತಿರುಗಿಸಿಬಿಟ್ಟೆ! ರಾತ್ರಿಯಿಡೀ ನಿದ್ದೆ ಇಲ್ಲ. ಡಿಸ್ಟ್ರಾಕ್ಟರಿಗೆ 62,000. ಮಂಗಳೂರಿಗೆ ಟ್ಯಾಕ್ಸಿ 2,800ರಂತೆ 11 ಸಲ, 30,800. ಕಂಬಿಯ ಬುಡ ಕೀವಾಗಿ 6,400. ಮೂಳೆ ಗಟ್ಟಿಯಾಗಲು 3 ತಿಂಗಳು ಕಾದು, ಕಂಬಿ ತೆಗೆಸಲು ಮತ್ತೊಂದು ಆಪರೇಷನ್, 28,000.

ಉಪ್ಪಳದಿಂದ: ದಿನಾ ತಿರುಗಿಸಲು ಅದೆಂತ ಬಾವಿಯ ರಾಟೆಯಾ? ಇಂಥ ಪ್ರಯೋಗ ನನಗೆ ಬೇಡ ಎಂದೆ. ಕಾಲಿನ ಮೂಳೆ, ರಕ್ತನಾಳ ಸಮೇತ. 9 ಗಂಟೆ, ಒಂದೇ ಆಪರೇಷನ್. ಈಗ ಹಲ್ಲೂ ಕೂರಿಸಿದ್ದಾರೆ. ಕಾಲಿನ ಹೆಬ್ಬೆರಳು ಸರಿ ಮಡಚುವುದಿಲ್ಲ, ಅಷ್ಟೇ.

ಬದಿಯಡ್ಕದ ಅಮ್ಮ: ಅಷ್ಟೇಯಾ? ತೋಟದ ಏರು ಹತ್ತಲು ಆಗುವುದಿಲ್ಲ ಅಂತ ಹೋದ ತಿಂಗಳು ಬರೆದವರು ನೀವೇ ಅಲ್ವಾ? ಪ್ರಯೋಗ ಅಂತೆ! ಮೂಳೆ ಉದ್ದ ಮಾಡಲು ಕಾಲಿನ ಸುತ್ತ ಇಲಿಝರೋವ್ ರಿಂಗ್ ಹಾಕುವುದು ಕಂಡಿಲ್ವಾ? ಅದೇ ವಿದ್ಯೆ. ದವಡೆಗೆ ಮಾಡಿದ್ದು 1992ರಲ್ಲೇ ಪ್ರಕಟವಾಗಿದೆ. ಮೂಳೆಯ ಜೊತೆ ಒಸಡು, ಚರ್ಮವೂ ಬೆಳೆದು ಬರುತ್ತದೆ.

ಮುಳ್ಳೇರಿಯದಿಂದ: ನನ್ನದು ಗಡ್ಡೆಯದ್ದೇ ಕೇಸು. ಉಳಿದ ತುದಿಯಿಂದ ಒಂದು ತುಂಡು ಕೊಯ್ದು ದಿನಕ್ಕೆ 1 ಮಿಲಿಮೀಟರ್ ಸರಿಸುವುದು. ಹಿಂದಿನಿಂದ ಹೊಸ ಮೂಳೆ ಬರುತ್ತದೆ. 4 ಸೆಂಟಿಮೀಟರಿಗೆ 40 ದಿನ, ಲೆಕ್ಕ ಹಾಕಿ. ನಾನು ಹಾಕಿಸಿದ್ದು 2020ರ ಮಾರ್ಚಲ್ಲಿ. ತುಂಡು ಅರ್ಧ ಸರಿದಾಗ ಕೊರೋನ ಬಂದು ಮಂಗಳೂರಿಗೆ ಹೋಗುವ ತಲಪಾಡಿ ಗಡಿ ಬಂದ್. ಫೋನಲ್ಲಿ ಕೇಳಿ ಕೇಳಿ ತಿರುಗಿಸಿದೆ. ತುಂಡು ಓರೆಯಾಗಿ ಹೋಯಿತು, ಎಡಗಡೆ ಹಲ್ಲು ಇವತ್ತಿಗೂ ಕೂಡುವುದಿಲ್ಲ. ಆಚೆ ತುದಿಗೆ ಮುಟ್ಟಿದರೂ ಮೂಳೆ ಬೆಸೆಯಲಿಲ್ಲ. ಸೊಂಟದಿಂದ ಮೂಳೆ ತೆಗೆದು ತುಂಬಿಸಿದರು, ಅದಕ್ಕೇ 1,10,000. ತುಟಿ ಮರಗಟ್ಟಿದೆ, ಚಾ ಸೋರಿದರೂ ಗೊತ್ತಾಗುವುದಿಲ್ಲ.

ಉಪ್ಪಳದಿಂದ: ನೋಡಿ!

ಮುಳ್ಳೇರಿಯದಿಂದ: ನಿಮಗೆ ಕುಣಿಯಲಿಕ್ಕೆ ಬರೆದದ್ದಲ್ಲ ಮಾರಾಯ್ರೆ. ಗಡಿ ಮುಚ್ಚದಿದ್ದರೆ ನನ್ನದೂ ಸರಿಯಾಗುತ್ತಿತ್ತು.

ಕುಂಬಳೆಯಿಂದ: ಶುಗರಿನ ವಿಷಯ ಯಾರಾದರೂ...

ಮುಳ್ಳೇರಿಯದಿಂದ: ಮೊದಲು ಅದನ್ನು ಇಳಿಸಿ. ಬೇಗ ಕೀವಾಗುತ್ತದೆ.

ಉಪ್ಪಳದಿಂದ: ಆದರೂ ಟ್ಯಾಕ್ಸಿಗೆ 2,800 ಜಾಸ್ತಿಯಾಯಿತು. ಕುಂಬಳೆಗೆ ಬಂದರೆ ರೈಲುಂಟಲ್ಲ?

ಬದಿಯಡ್ಕದ ಅಮ್ಮ: ಗದ್ದದಲ್ಲಿ ಕಂಬಿ ಇರುವ ಮಗುವನ್ನು ಜನರಲ್ ಬೋಗಿಯಲ್ಲಾ? ನಿಮ್ಮ ಕಾಲು ಹಿಡಿದುಕೊಂಡು ನೀವೇ ಹೋಗಿ.