ಸಹಾಯ ಬೇಕು: ಶಾಲೆಗೆ ಬೆದರಿಕೆ ಬಂದ ದಿನ ಮಗುವನ್ನು ಕರೆತರುವುದು ಹೇಗೆ?

ಎಲ್ಲರಿಗೂ ನಮಸ್ಕಾರ. 2023ರ ಡಿಸೆಂಬರ್ 1 ನೆನಪಿದೆ ಅಲ್ವಾ? ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇಮೇಲ್ ಬಂದಿತ್ತು. ಹುಸಿ ಅಂತ ಆಮೇಲೆ ಗೊತ್ತಾಯಿತು. ಆದರೆ ಅಂಥ ಹೊತ್ತಲ್ಲಿ ಅಪ್ಪ ಅಮ್ಮಂದಿರೆಲ್ಲ ಗೇಟಿಗೇ ಗಾಡಿ ತಂದು ನಿಲ್ಲಿಸಿದರೆ ಪೊಲೀಸರು ಒಳಗೆ ಹೋಗುವುದಾದರೂ ಹೇಗೆ?

ನನ್ನ ಮಗಳು ಎರಡನೇ ಕ್ಲಾಸು. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಅಜ್ಜಿ ಹೋದರೆ ಮಗುವನ್ನು ಕಳಿಸುತ್ತಾರಾ? ಶಾಲೆಯಲ್ಲಿ ಕೇಳಿದರೆ "ಮೆಸೇಜ್ ಹಾಕ್ತೀವಿ" ಅಂದರು, ಅಷ್ಟೇ. ಮಕ್ಕಳನ್ನು ಎಲ್ಲಿ ಕೂರಿಸುತ್ತಾರೆ, ಯಾವ ಗುರುತಿನ ಚೀಟಿ ತೋರಿಸಬೇಕು, ಯಾರು ಸಹಿ ತೆಗೆದುಕೊಂಡು ಬಿಡುತ್ತಾರೆ, ಒಂದಕ್ಕೂ ಉತ್ತರವಿಲ್ಲ. ಇದೆಲ್ಲ ಬರಹದಲ್ಲೇ ಇರಬೇಕು.

ಸದ್ಯಕ್ಕೆ ನಮ್ಮ ನಂಬರು, ಪಕ್ಕದ ಮನೆ ಆಂಟಿ ನಂಬರು, ರಕ್ತದ ಗುಂಪು ಬರೆದು ಅವಳ ಐಡಿ ಕಾರ್ಡಿನ ಹಿಂದೆ ಅಂಟಿಸಿದ್ದೇನೆ. ಮಕ್ಕಳನ್ನು ಅವಸರದಲ್ಲಿ ಹೊರಗೆ ಕಳಿಸುವಾಗ ಬ್ಯಾಗು ಕ್ಲಾಸಲ್ಲೇ ಉಳಿಯುತ್ತದೆ, ಕೊರಳಲ್ಲಿದ್ದದ್ದು ಮಾತ್ರ ಜೊತೆಗೆ ಬರುತ್ತದೆ. ತುರ್ತು ಸಹಾಯದ ನಂಬರು 112 ಬಾಯಿಪಾಠ ಮಾಡಿಸಿದ್ದೇನೆ.

ನಿಮ್ಮ ಮಕ್ಕಳ ಶಾಲೆಯಲ್ಲಿ ಇಂಥ ಹೊತ್ತಿಗೆ ಹೊರಗೆ ಬರುವ ಡ್ರಿಲ್ (ಅಭ್ಯಾಸ) ಮಾಡಿಸಿದ್ದರೆ ಹೇಗೆ ನಡೆಯಿತು ಹೇಳಿ. ಶನಿವಾರ ಪೋಷಕರ ಸಭೆ ಇದೆ, ಮನವಿ ಪತ್ರದ ಮಾದರಿ ಇದ್ದರೆ ದಯವಿಟ್ಟು ಹಾಕಿ. ಇನ್ನೊಂದು, ಇಷ್ಟು ಚಿಕ್ಕ ಮಗುವಿಗೆ ಹೆದರಿಸದೆ ಇದನ್ನೆಲ್ಲ ಹೇಗೆ ಹೇಳಿಕೊಟ್ಟಿರಿ?