ರಿಟೈರ್ ಆದ ಅಯ್ನೋರ ಮನೆಗೆ, ಒಬ್ಬರೇ ಇರೋ ಅಮ್ನೋರ ಮನೆಗೆ ಭೇಟಿಗೆ ಹೋದಾಗ ಏನ್ ಮಾಡ್ಬೇಕು?

ಬನ್ನಿಮಂಟಪದವಳು:

ಎಲ್ರಿಗೂ ವಂದನೆ. ನಾವಿರೋದು ಮೈಸೂರು ಬನ್ನಿಮಂಟಪದ ಕಡೆ. ಈ ಸಲ ನಮ್ಮ ಚರ್ಚಿನ ಪಾಸ್ಟರೇಟ್ ಕಮಿಟೀಲಿ ನಂಗೊಂದು ಕೆಲ್ಸ ವಹಿಸಿದಾರೆ, ನಮ್ಮ ಏರಿಯಾದಲ್ಲಿರೋ ರಿಟೈರ್ಡ್ ಅಯ್ನೋರು (ಸಭಾಪಾಲಕರು, ಅಂದ್ರೆ ಪಾದ್ರಿಗಳು), ಮತ್ತೆ ಅಯ್ನೋರು ತೀರ್ಕೊಂಡ್ಮೇಲೆ ಒಬ್ಬರೇ ಇರೋ ಅಮ್ನೋರು (ಅವರ ಹೆಂಡ್ತಿ), ಇವರ ಮನೆಗೆಲ್ಲ ತಿಂಗ್ಳಿಗೊಂದ್ಸಲನಾದ್ರೂ ಹೋಗಿ ನೋಡ್ಕೊಂಡು ಬರೋದು. ಒಟ್ಟು ಐದು ಮನೆ. ಖುಷಿಯಿಂದ್ಲೇ ಒಪ್ಕೊಂಡೆ, ಯಾಕಂದ್ರೆ ನಂಗೆ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಕೊಟ್ಟ ಅಯ್ನೋರೂ ಈ ಲಿಸ್ಟಲ್ಲಿದಾರೆ.

ಹೋದ ಭಾನುವಾರ ಆರಾಧನೆ ಮುಗಿಸ್ಕೊಂಡು ನಾಲ್ಕು ಜನ ಮೊದಲ್ನೇ ಮನೆಗೆ ಹೋದ್ವಿ. ಅಮ್ನೋರಿಗೆ 78 ವರ್ಷ, ಅಯ್ನೋರು ಹೋಗಿ ಆರು ವರ್ಷ ಆಯ್ತು, ಮಗ ಹೊರದೇಶದಲ್ಲಿ. ಹಣ್ಣಿನ ಬುಟ್ಟಿ ಕೊಟ್ವಿ, ಒಂದು ಕೀರ್ತನೆ ಹಾಡಿದ್ವಿ, ಒಬ್ರು ಪ್ರಾರ್ಥನೆ ಮಾಡಿದ್ರು, ಗ್ರೂಪಿಗೆ ಹಾಕೋಕೆ ಫೋಟೊ ತೆಗ್ದ್ವಿ. ಅಮ್ನೋರು ಕಾಫಿ ಮಾಡ್ತೀನಿ ಅಂತ ಎದ್ರು, ಟೇಬಲ್ ಮೇಲೆ ಆಗ್ಲೇ ಸ್ಟೀಲ್ ಲೋಟ ತೊಳ್ದು ಬಟ್ಟೆ ಮೇಲೆ ಬೋರಲು ಹಾಕಿಟ್ಟಿದ್ರು, ಆರು ಲೋಟ, ನಾವು ಬೇಡಮ್ಮ ನಿಮಗ್ಯಾಕೆ ತೊಂದ್ರೆ ಇನ್ನೂ ಬೇರೆ ಮನೆಗೆ ಹೋಗ್ಬೇಕು ಅಂತ ಹೇಳಿ ಕೂರಿಸ್ಬಿಟ್ವಿ. ಇಪ್ಪತ್ತು ನಿಮಿಷಕ್ಕೆ ಎದ್ದು ಬಂದ್ವಿ. ಗೇಟ್ ಹತ್ರ ತಿರುಗಿ ನೋಡಿದ್ರೆ ಅಮ್ನೋರು ಬಾಗ್ಲಲ್ಲೇ ನಿಂತಿದ್ರು, ಮುಖದಲ್ಲಿ ನಗು ಇರ್ಲಿಲ್ಲ. ಅವತ್ತಿಂದ ಮನಸ್ಸಿಗೆ ಸಮಾಧಾನ ಇಲ್ಲ. ಎಲ್ಲೋ ತಪ್ಪಾಗಿದೆ, ಎಲ್ಲಿ ಅಂತ ಹೊಳೀತಿಲ್ಲ.

ಇನ್ನೊಂದು, ಇವರು ಜೀವನಪೂರ್ತಿ ಬೇರೆಯವ್ರಿಗೋಸ್ಕರ ಪ್ರಾರ್ಥನೆ ಮಾಡ್ದೋರು, ಇವರ ಮುಂದೆ ನನ್ನಂಥವಳು ಬಾಯಿ ಬಿಟ್ಟು ಏನಂತ ಪ್ರಾರ್ಥಿಸೋದು? ಅನುಭವ ಇರೋರು ದಯವಿಟ್ಟು ಹೇಳಿ.

ಅಯ್ನೋರ ಮಗಳು:

ಸಿಸ್ಟರ್, ಆ ಆರು ಲೋಟದ ವಿಷಯ ಓದಿ ಕಣ್ಣಲ್ಲಿ ನೀರು ಬಂತು. ನಾನು ಪಾರ್ಸನೇಜಲ್ಲೇ, ಅಂದ್ರೆ ಚರ್ಚಿನವರು ಅಯ್ನೋರಿಗೆ ಕೊಡೋ ಮನೇಲೇ ಬೆಳ್ದವಳು. ನಮ್ಮನೇಲಿ ಡಿಕಾಕ್ಷನ್ ಖಾಲಿ ಇರ್ತಿದ್ದ ದಿನಾನೇ ಇಲ್ಲ, ಚರ್ಚಲ್ಲಿ ಮದ್ವೆ ಚೀಟಿ (ಮದ್ವೆ ಪ್ರಕಟಣೆ) ಓದಿಸೋಕೆ ಬಂದೋರು, ಸಾವಿನ ಸುದ್ದಿ ತಂದೋರು, ಬ್ಯಾಪ್ಟಿಸಂ ಸರ್ಟಿಫಿಕೇಟಿಗೆ ಬಂದೋರು, ಗಂಡನ ಹತ್ರ ಜಗಳ ಆಡ್ಕೊಂಡು ರಾತ್ರಿ ಹನ್ನೊಂದಕ್ಕೆ ಮಗು ಎತ್ಕೊಂಡು ಬಂದೋರು, ಎಲ್ರಿಗೂ ಅಮ್ಮನೇ ಕಾಫಿ ಕೊಟ್ಟು ಕೂರಿಸ್ತಿದ್ದಿದ್ದು. ಸಂಬಳ ಅಪ್ಪಂಗೆ ಮಾತ್ರ, ಸೇವೆ ಇಬ್ರದ್ದೂ. ನಿಮ್ಮ ಅಮ್ನೋರಿಗೆ ಆ ಕಾಫಿ ತೊಂದ್ರೆ ಅಲ್ಲಮ್ಮ, ಅವರಿಗೆ ಇನ್ನು ಉಳ್ದಿರೋ ಕೆಲ್ಸ ಅದೊಂದೇ. ಮುಂದಿನ್ಸಲ ಹೋದಾಗ ನೀವೇ ಕೇಳಿ ಕುಡೀರಿ.

ನಮ್ಮಪ್ಪ ಸರ್ವೀಸಲ್ಲಿದ್ದಾಗ್ಲೇ ಹೋದ್ರು. ಯಾವ ಸಭೆ, ಅಂದ್ರೆ ಯಾವ ಚರ್ಚು, ಅಂತ ಬರೆಯಲ್ಲ. ಮಣ್ಣು ಮಾಡಿ ಎರಡು ತಿಂಗ್ಳು ಆಗಿರ್ಲಿಲ್ಲ, ಕ್ವಾಟ್ರಸ್ ಖಾಲಿ ಮಾಡ್ಬೇಕು ಅಂತ ಕಾಗ್ದ ಬಂತು. ಹೊಸ ಅಯ್ನೋರ ಸಂಸಾರನೂ ಎಲ್ಲಾದ್ರೂ ಇರ್ಲೇಬೇಕಲ್ಲ, ಅದು ಅರ್ಥ ಆಗುತ್ತೆ, ಆದ್ರೆ ಅಮ್ಮ ಒಂದೇ ವರ್ಷದಲ್ಲಿ ಗಂಡನ್ನೂ ಕಳ್ಕೊಂಡ್ರು, ಮನೇನೂ ಬಿಟ್ರು, ತಮ್ಮ ಸಭೇನೂ ಬಿಟ್ರು. ಬಾಡಿಗೆ ಮನೆಗೆ ಬಂದ್ಮೇಲೂ ಎಷ್ಟೋ ದಿನ ಬೆಳಿಗ್ಗೆ ದೊಡ್ಡ ಫಿಲ್ಟರಲ್ಲೇ ಪುಡಿ ಹಾಕ್ತಿದ್ರು, ಸಾಯಂಕಾಲ ಚೆಲ್ತಿದ್ರು. ನಾನು ಚಿಕ್ಕ ಫಿಲ್ಟರ್ ತಂದುಕೊಟ್ಟೆ. ಅದನ್ನ ಕೈಯಲ್ಲಿ ಹಿಡ್ಕೊಂಡು ಸುಮಾರು ಹೊತ್ತು ಕೂತಿದ್ರು. ತರಬಾರ್ದಿತ್ತು ಅನ್ಸುತ್ತೆ ಈಗ್ಲೂ.

ಅಪ್ಪನ ಹೆಸ್ರು ಎತ್ತಿದ್ರೆ ಅಮ್ಮ ಅಳ್ತಾರೆ ಅಂತ ಬಂದೋರು ಯಾರೂ ಎತ್ತುತಿರ್ಲಿಲ್ಲ. ನೀವು ಎತ್ತಿ. ಅಯ್ನೋರು ಯಾವ್ಯಾವ ಊರಲ್ಲಿದ್ರು, ಅವರ ಪ್ರಸಂಗದಲ್ಲಿ ನಿಮಗೆ ನೆನಪಿರೋದೇನು, ಕೇಳಿ, ಹೇಳಿ. ಅತ್ರೆ ಅಳ್ಲಿ. ಅಯ್ನೋರು ತೀರಿಕೊಂಡ ತಾರೀಕು ಬರ್ಕೊಂಡಿಟ್ಟು ಅವತ್ತು ಒಂದು ಫೋನ್ ಮಾಡಿ. ಕ್ರಿಸ್ಮಸ್ಸಿಗೆ ಕೇಕ್ ತಗೊಂಡು ಎಲ್ರೂ ಬರ್ತಾರೆ, ಜೂನ್ ಜುಲೈ ಮಳೇಲಿ ಬರೋರು ಬೇಕು. ಮತ್ತೆ ಆ ಫೋಟೊ ಬಿಟ್ಬಿಡಿ ಸಿಸ್ಟರ್, ಬೇಜಾರ್ ಮಾಡ್ಕೋಬೇಡಿ.

ಮಂಡ್ಯದಣ್ಣ:

ಅಕ್ಕೋರು ಬರ್ದಿರೋದು ನೂರಕ್ಕೆ ನೂರು ಸತ್ಯ. ನಾನು ಮಂಡ್ಯದಲ್ಲಿ ಏಳು ವರ್ಷದಿಂದ ಇದೇ ಕೆಲ್ಸ ಮಾಡ್ತಾ ಇವ್ನಿ. ನಾಲ್ಕು ಜನ ಹೋಗ್ಬ್ಯಾಡಿ, ಇಬ್ರು ಸಾಕು, ಹೋದೋರೇ ಮತ್ತೆ ಹೋಗಿ, ಒಂದು ವಾರ ಗೊತ್ತು ಮಾಡ್ಕಳಿ, ಗುರುವಾರ ಅಂದ್ರೆ ಗುರುವಾರ, ಅವ್ರು ಕಾಯ್ತಾ ಕೂತಿರ್ತಾರೆ. ಒಂದೇ ದಿನ ಐದು ಮನೆ ಮುಗಿಸ್ತೀನಿ ಅಂದ್ರೆ ಆಗಕ್ಕಿಲ್ಲ.

ಇನ್ನೊಂದು ಮುಖ್ಯ ವಿಷ್ಯ, ಕಾಗ್ದ ಪತ್ರ. ಇಲ್ಲಿ ಒಬ್ರು ಅಮ್ನೋರು ನರ್ಸ್ ಕೆಲ್ಸದಲ್ಲಿದ್ದೋರು, ಪಿಎಫ್ ಪೆನ್ಷನ್ ಬರ್ತಿತ್ತು. ಹೆಚ್ಚೇನಿಲ್ಲ, ಆ ಸ್ಕೀಮಲ್ಲಿ 2014ರಿಂದ ಕಮ್ಮಿ ಅಂದ್ರೆ ತಿಂಗ್ಳಿಗೆ 1000 ರೂಪಾಯಿ ಅಂತ ಮಾಡವ್ರೆ, ಆದ್ರೆ ಅವ್ರ ಮಾತ್ರೆ ಖರ್ಚು ಅದ್ರಲ್ಲೇ ನಡೀತಿತ್ತು. ನಾಲ್ಕು ತಿಂಗ್ಳು ದುಡ್ಡು ಬರ್ದೆ ನಿಂತೋಗಿತ್ತು, ಯಾರಿಗೂ ಹೇಳಿಲ್ಲ. ನಾನು ಮಾತ್ರೆ ಡಬ್ಬಿ ನೋಡಿದೆ, ಬಿಪಿ ಮಾತ್ರೆ ಎಲ್ಲಾ ಅರ್ಧ ಅರ್ಧ ಮುರ್ದು ಮಡಗವ್ರೆ. ಯಾಕಮ್ಮ ಅಂದ್ರೆ ಸುಮ್ನೆ ಕಣಪ್ಪ ಅಂದ್ರು. ಆಮೇಲೆ ಪಾಸ್‌ಬುಕ್ ಇಸ್ಕೊಂಡು ನೋಡಿದ್ರೆ ಬದುಕಿದೀನಿ ಅಂತ ವರ್ಷಕ್ಕೊಂದ್ಸಲ ಕೊಡೋ ಲೈಫ್ ಸರ್ಟಿಫಿಕೇಟ್ ಕೊಟ್ಟಿಲ್ಲ. ಬ್ಯಾಂಕಿಗೆ ಹೋಗಿದ್ರಂತೆ, ಬೆರಳಚ್ಚು ಹತ್ತಲಿಲ್ಲ, ಪಾತ್ರೆ ತಿಕ್ಕಿ ತಿಕ್ಕಿ ಗೆರೆನೇ ಸವ್ದೋಗವೆ, ನಾಳೆ ಬನ್ನಿ ಅಂದವ್ರೆ, ಇವ್ರು ನಾಚ್ಕಂಡು ಮತ್ತೆ ಹೋಗೇ ಇಲ್ಲ. ಈಗ ಜೀವನ್ ಪ್ರಮಾಣ್ ಅಂತ ಆಪ್ ಅದೆ, ಮೊಬೈಲಲ್ಲೇ ಮುಖ ತೋರ್ಸಿ ಮಾಡ್ಬೋದು, ಕಿಟಕಿ ಹತ್ರ ಬೆಳಕಿಗೆ ಕೂರ್ಸಿ ಕಣ್ಣು ಮಿಟುಕ್ಸಿದ್ರೆ ಆಯ್ತು. ಪಿಎಫ್ ಪೆನ್ಷನ್ನಿಗೆ ಸರ್ಕಾರಿ ಪೆನ್ಷನ್ ತರ ನವೆಂಬರೇ ಆಗ್ಬೇಕು ಅಂತಿಲ್ಲ, ಯಾವಾಗ ಕೊಟ್ರೂ ಅಲ್ಲಿಂದ ಒಂದ್ವರ್ಷ ನಡೀತದೆ. ಇಂತಾವೆಲ್ಲ ಅವ್ರಾಗಿ ಹೇಳಾಕಿಲ್ಲ. ಕೊಟ್ಟು ರೂಢಿ ಇರೋರ್ಗೆ ಕೇಳೋದು ಬಲು ಕಷ್ಟ.

ನಿವೃತ್ತ ಸಭಾಪಾಲಕ, ಮೈಸೂರು:

ನಾನೂ ನೀವು ಹೇಳೋ ಲಿಸ್ಟಿನಲ್ಲಿ ಸೇರಿದವನೇ, ಅದಕ್ಕೆ ಬರೀತಿದ್ದೀನಿ. ನಮ್ಮ ಕಡೆ ಸಭಾಪಾಲಕರಿಗೆ ವರ್ಗಾವಣೆ ಇದ್ದೇ ಇರುತ್ತೆ, ಹಳೇ ವೆಸ್ಲಿಯನ್ ಮಿಷನ್ ಕಾಲದಿಂದ ಬಂದಿದ್ದು, 1947ರಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದ್ರೆ ಸಿಎಸ್‌ಐ ಆದ ಮೇಲೂ ಮುಂದುವರೀತು. ಹಾಗಾಗಿ ಹತ್ತೂರು ನಮ್ಮೂರೇ, ಕೊನೆಗೆ ಯಾವುದೂ ನಮ್ಮೂರಲ್ಲ. ನಿವೃತ್ತಿ ಆದವರು ಹಳೇ ಸಭೆಗೆ ಪದೇಪದೇ ಹೋಗಬಾರದು, ಹೊಸಬರ ಸೇವೆಗೆ ಅಡ್ಡಿ ಆಗುತ್ತೆ, ಅದು ಸರಿಯಾದ ಮರ್ಯಾದೆನೇ. ಆದರೆ ಅದರಿಂದ ಏನಾಗುತ್ತೆ ಅಂದ್ರೆ ನಮ್ಮನ್ನ ಹುಡುಕಿಕೊಂಡು ಬರೋ ಹಕ್ಕಿನ ಜನ ಯಾರೂ ಉಳಿಯೋದಿಲ್ಲ.

ವಿಧವೆಯರ ವಿಷಯ ಸಭೆ ಹುಟ್ಟಿದಾಗಿನಿಂದ ಇದೆ. ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ತೆಗೆದು ನೋಡಿ, ಗ್ರೀಕ್ ಮಾತಾಡೋ ವಿಧವೆಯರನ್ನ ದಿನದ ಹಂಚಿಕೆಯಲ್ಲಿ ಕಡೆಗಣಿಸಿದ್ರು ಅಂತ ಗುಣುಗುಟ್ಟಿದ್ದಕ್ಕೇ ಏಳು ಜನರನ್ನ ಆರಿಸಿದ್ದು. ಸ್ಕಾಟ್ಲೆಂಡಿನಲ್ಲಿ ವಾಲೇಸ್, ವೆಬ್‌ಸ್ಟರ್ ಅನ್ನೋ ಇಬ್ಬರು ಪಾದ್ರಿಗಳು ಎಷ್ಟು ಸಭಾಪಾಲಕರು ತೀರಿಕೊಳ್ತಾರೆ, ಎಷ್ಟು ವಿಧವೆಯರು ಉಳೀತಾರೆ ಅಂತ ಲೆಕ್ಕ ಹಾಕಿ, ಮ್ಯಾಕ್ಲಾರಿನ್ ಅನ್ನೋ ಗಣಿತಜ್ಞರ ಸಹಾಯ ತಗೊಂಡು, 1744ರ ಹೊತ್ತಿಗೇ ಇದಕ್ಕಾಗಿ ನಿಧಿ ಶುರು ಮಾಡಿದ್ರು. ನಿಧಿ ಬೇಕೇ ಬೇಕು. ಆದರೆ ಮಂಡ್ಯದ ಅಣ್ಣ ಮಾತ್ರೆ ಡಬ್ಬಿ ನೋಡಿದ್ರಲ್ಲ, ಅದನ್ನ ನಿಧಿ ನೋಡೋದಿಲ್ಲ.

ಪ್ರಾರ್ಥನೆ ಬಗ್ಗೆ ಕೇಳಿದ್ರಿ. ನೀವು ಚಿಕ್ಕದಾಗಿ ಮಾಡಿ ತಾಯಿ, ಸಂಕೋಚ ಬೇಡ, ನಮಗೂ ಕಣ್ಣು ಮುಚ್ಚಿ ಬೇರೆಯವರ ಬಾಯಲ್ಲಿ ನಮ್ಮ ಹೆಸರು ಕೇಳೋ ಆಸೆ ಇರುತ್ತೆ. ಆಮೇಲೆ ನಮ್ಮನ್ನೂ ಕೇಳಿ, ಅಯ್ನೋರೇ ನನ್ನ ಮಗಳಿಗೆ ಪರೀಕ್ಷೆ ಇದೆ ಪ್ರಾರ್ಥನೆ ಮಾಡಿ ಅಂತ. ಸುಮ್ನೆ ಕೇಳಬೇಡಿ, ನಿಜವಾಗಿ ಇರೋ ಕಷ್ಟ ಹೇಳಿ. ಹೋದ ಲೆಂಟಿನಲ್ಲಿ (ಈಸ್ಟರ್ ಹಿಂದಿನ ಉಪವಾಸದ ದಿನಗಳಲ್ಲಿ) ಇಲ್ಲಿನ ಅಯ್ನೋರು ಕರ್ತನ ಭೋಜನ (ರೊಟ್ಟಿ, ದ್ರಾಕ್ಷಾರಸ) ಹಂಚೋಕೆ ನನ್ನನ್ನೂ ಕರೆದ್ರು. ಪಾತ್ರೆ ಹಿಡಿದಾಗ ಕೈ ನಡುಗ್ತಿತ್ತು, ನನ್ನ ಮಗನ ವಯಸ್ಸಿನ ಆ ಅಯ್ನೋರು, ಆ ಹುಡುಗ, ಯಾರಿಗೂ ಕಾಣದ ಹಾಗೆ ತನ್ನ ಕೈಯನ್ನ ನನ್ನ ಕೈ ಕೆಳಗೆ ಕೊಟ್ಟ. ಕೊನೇ ಸಾಲಿನ ತನಕ ಹಾಗೇ ಹೋದ್ವಿ.

ಬನ್ನಿಮಂಟಪದವಳು:

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಫೋಟೊ ಗ್ರೂಪಿಂದ ತೆಗ್ಸಿದೆ. ಇವತ್ತು ಸಾಯಂಕಾಲ ಒಬ್ಬಳೇ ಅದೇ ಅಮ್ನೋರ ಮನೆಗೆ ಹೋದೆ, ಕಾಫಿ ಕೊಡಿ ಅಮ್ಮ ಅಂದೆ. ಎರಡು ಲೋಟ ಕುಡ್ದೆ. ಅಯ್ನೋರ ಜೊತೆ ಮೊದಲು ಹೋದ ಹಳ್ಳಿ ಸಭೆ ವಿಷಯ ಹೇಳ್ತಾ ಹೇಳ್ತಾ ಏಳೂವರೆ ಆಗೋಯ್ತು, ಅಲ್ಲಿ ಸುಗ್ಗಿ ಹಬ್ಬಕ್ಕೆ ಒಬ್ರು ಎತ್ತಿನಗಾಡೀಲಿ ಕಬ್ಬು ತುಂಬ್ಕೊಂಡು ದೇವಾಲಯದ ಬಾಗ್ಲಿಗೇ ತಂದು ನಿಲ್ಲಿಸಿದ್ರಂತೆ. ನಮ್ಮತ್ತೆ ಆಪರೇಷನ್ ಇದೆ ಪ್ರಾರ್ಥನೆ ಮಾಡಿ ಅಂದಾಗ ನನ್ನ ಎರಡೂ ಕೈ ಹಿಡ್ಕೊಂಡು ಮಾಡಿದ್ರು. ಮಾತ್ರೆ ಡಬ್ಬೀನೂ ನೋಡ್ದೆ, ಸರಿಯಿದೆ. ಹೊರಡೋವಾಗ ಪರ್ಸಿಂದ ನೂರೈವತ್ತು ರೂಪಾಯಿ ತೆಗ್ದು ಕೈಗಿಟ್ಟು, ಮುಂದಿನ ಗುರುವಾರ ಬರೋವಾಗ ಕಾಲು ಕೆಜಿ ಕಾಫಿಪುಡಿ ತಗೊಂಡ್ಬಾ, ಚಿಕೋರಿ ಹಾಕಿಸ್ಬೇಡ ಅಂದ್ರು.