ಪದಚರ್ಚೆ: ‘ಕಲ್ಚರಲ್ ಬರ್ನ್’, ‘ರೇಸಿಯಲ್ ಜಸ್ಟಿಸ್’ (ನಾಳೆ ಬೆಳಿಗ್ಗೆಯೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಕ್ಲಾಮತ್ ಕಣಿವೆಯಲ್ಲಿ ಕರುಕ್, ಯುರೋಕ್ ಬುಡಕಟ್ಟುಗಳ ಹಿರಿಯರು ತಮ್ಮ ಮಕ್ಕಳಿಗೆ ಕಾಡಿಗೆ ಬೆಂಕಿ ಇಡುವ ವಿದ್ಯೆ ಕಲಿಸಿ ಮುಂದಾಳುಗಳಾಗಿ ಬೆಳೆಸುವ ಬಗ್ಗೆ ಒಂದು ಪ್ರದರ್ಶನ ಫಲಕ ಅನುವಾದಿಸುತ್ತಿದ್ದೇನೆ. ಈ ಬೆಂಕಿಯೇ ‘ಕಲ್ಚರಲ್ ಬರ್ನ್’. ಅದನ್ನು ‘ಸಾಂಸ್ಕೃತಿಕ ದಹನ’ ಅಂದರೆ ಸಂಸ್ಕೃತಿಯನ್ನೇ ಸುಟ್ಟಂತೆ ಕೇಳುತ್ತದೆ. ‘ರೇಸಿಯಲ್ ಜಸ್ಟಿಸ್’ಗೆ ‘ಜನಾಂಗೀಯ ನ್ಯಾಯ’ ಸರಿಯೇ? ‘ಲೀಡರ್‌ಶಿಪ್’ಗೆ ಸದ್ಯಕ್ಕೆ ‘ನಾಯಕತ್ವ’ ಎಂದಿದ್ದೇನೆ. ಶೀರ್ಷಿಕೆಗೆ ಜಾಗ ಎರಡೇ ಸಾಲು.

ಮರು:
ದಹನ ಬೇಡವೇ ಬೇಡ. ಅದು ಶವಕ್ಕೆ, ಕಾಮಣ್ಣನಿಗೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಬಾಯಲ್ಲಿ ‘ತರಗು ಬೆಂಕಿ’ ಇದೆ. ಬೇಸಿಗೆ ಬಲಿಯುವ ಮುಂಚೆ, ತರಗೆಲೆ ತೆಳುವಾಗಿರುವಾಗಲೇ ಇಡುವುದು. ನೆಲದಲ್ಲೇ ಹರಿದು ಆರುತ್ತದೆ, ಮರ ಹತ್ತುವುದಿಲ್ಲ. ಲಂಟಾನ ಕಳೆಯ ಸಸಿ, ನೆಲ್ಲಿಮರದ ಬಂದಳಿಕೆ ಎರಡೂ ಇದರಿಂದ ಹತೋಟಿಯಲ್ಲಿರುತ್ತಿದ್ದವು. 1974ರಲ್ಲಿ ಅಭಯಾರಣ್ಯವಾದ ಮೇಲೆ ಇದು ನಿಂತಿತು. ತರಗು ವರ್ಷಗಟ್ಟಲೆ ಕೂಡಿತು, ಲಂಟಾನ ಆಳೆತ್ತರ ಬೆಳೆಯಿತು. ಈಗ ಬೆಂಕಿ ಬಿದ್ದರೆ ಕೊಂಬೆಗೇ ಏರುತ್ತದೆ.

ಮರು:
ಒಪ್ಪುವುದಿಲ್ಲ. ತರಗು ಎಂದರೆ ಒಣಗಿ ಉದುರಿದ ಎಲೆ, ಅಷ್ಟೇ. ಕರುಕ್ ಜನ ಹೇಝಲ್ ಎಂಬ ಪೊದೆಯನ್ನೇ ಸುಡುತ್ತಾರೆ. ಸುಟ್ಟ ಒಂದೆರಡು ವರ್ಷದಲ್ಲಿ ಬರುವ, ಕವಲಿಲ್ಲದ ನೆಟ್ಟನೆಯ ಚಿಗುರು ಅವರ ಬುಟ್ಟಿಗೆ ಬೇಕು. ಕಾಡು, ಕಿಚ್ಚು ಸೇರಿ ‘ಕಾಳ್ಗಿಚ್ಚು’ ಆದ ಹಾಗೆ ‘ವಾಡಿಕೆಗಿಚ್ಚು’ ಎನ್ನಿ. ‘ನಾಯಕತ್ವ’ ತೆಗೆದು ‘ಮುಂದಾಳ್ತನ’ ಹಾಕಿ. ಸಂಸ್ಕೃತದ ಸಾಲ ಸಾಕು.

ಮರು:
ಕಿಚ್ಚು ಆಗದು ಸರ್. ಇವತ್ತಿನ ಕಿವಿಗೆ ಕಿಚ್ಚು ಎಂದರೆ ಹತೋಟಿ ತಪ್ಪಿದ್ದು, ಇಲ್ಲವೇ ಹೊಟ್ಟೆಕಿಚ್ಚು. ಸಾಲ ಬೇಡವೆಂದರೆ ‘ನ್ಯಾಯ’ವನ್ನೂ ಹಿಂದಿರುಗಿಸಬೇಕು. ಆಮೇಲೆ ಊರ ಪಂಚಾಯ್ತಿ ಹೇಗೆ ನಡೆಯುತ್ತದೆ?
‘ಜನಾಂಗೀಯ’ ಖಂಡಿತ ಬೇಡ. ‘ಹಿಂದುಳಿದ ಜನಾಂಗ’, ‘ಕುರುಬ ಜನಾಂಗ’ ಎಂದು ನಾವು ಜಾತಿಗೇ ಅದನ್ನು ಬಳಸುತ್ತೇವೆ. ಓದುವವರಿಗೆ ಮೀಸಲಾತಿ ನೆನಪಾಗುತ್ತದೆ. ‘ವರ್ಣ’ಕ್ಕೆ ಚಾತುರ್ವರ್ಣ್ಯದ ಕಾಟವಿದೆ, ಆದರೆ ‘ವರ್ಣಭೇದ’ ದಕ್ಷಿಣ ಆಫ್ರಿಕಾದ ಸುದ್ದಿಯಿಂದ ಬೇರೂರಿದೆ. ಆಗಿರುವ ಅನ್ಯಾಯವನ್ನೇ ಒಂದು ಸಾಲಿನಲ್ಲಿ ಹೇಳಿ: 1850ರ ಕ್ಯಾಲಿಫೋರ್ನಿಯಾ ಕಾನೂನು ಹುಲ್ಲುಗಾವಲಿಗೆ ಬೆಂಕಿ ಇಡುವುದನ್ನು ದಂಡನೆಯ ಅಪರಾಧ ಮಾಡಿತು. ಇದಾದ ಮೇಲೆ ‘ನ್ಯಾಯ’ ಯಾವುದೆಂದು ಯಾರೂ ಕೇಳುವುದಿಲ್ಲ.

ಮರು:
‘ಮೂಲನಿವಾಸಿ’ ಎಂದೂ ಹಾಕಬೇಡಿ, ಇಲ್ಲಿ ಅದು ಬೇರೆ ರಾಜಕಾರಣದ ಮಾತು. ‘ಬುಡಕಟ್ಟು’ ಸಾಕು. ಶೀರ್ಷಿಕೆ ಹೀಗಿರಲಿ:
ಬುಡಕಟ್ಟು ಯುವಜನರ ವಾಡಿಕೆ ಬೆಂಕಿ
ವರ್ಣಭೇದಕ್ಕೆ ಎದುರು ನಿಂತ ಕಾಡಿನ ಅರಿವು
‘ತರಗು ಬೆಂಕಿ’ ಕೆಳಗಿನ ವಿವರಣೆಯಲ್ಲಿ, ಸೋಲಿಗರ ಹೆಸರಿನೊಂದಿಗೇ ಬರಲಿ.
ಫಲಕ ಮುದ್ರಿಸುವ ಅಂಗಡಿಗೆ ಯೂನಿಕೋಡ್ ಕಡತ ಕಳಿಸಬೇಡಿ. ಅವರು ಅದನ್ನು ‘ನುಡಿ’ ತಂತ್ರಾಂಶದ ಅಕ್ಷರಕ್ಕೆ ಬದಲಿಸುವಾಗ ‘ವರ್ಣ’ದ ಅರ್ಕಾವತ್ತು ಒಡೆಯಬಹುದು. ಪಿಡಿಎಫ್ ಮಾಡಿ ಕೊಡಿ, ಸಾಲುಗಳ ನಡುವೆ ಒತ್ತಕ್ಷರಕ್ಕೆ ಜಾಗ ಬಿಡಿಸಿ.